ಕೀಬೋರ್ಡ್ ಕಸಿಯದ ಕಿಟಕಿ

ಮುಂಬಯಿಯ ಬೈಕುಲ್ಲಾದ ಒಂದು ಸಣ್ಣ ಆಸ್ಪತ್ರೆ. ಆಗಷ್ಟೇ ಬೆಳಕು ಹರಿಯುತ್ತಿದೆ. ವಾರ್ಡಿನ ಕೌಂಟರಿನಲ್ಲಿ ಹಿರಿಯ ನರ್ಸ್ ದೇವಕ್ಕ ರೋಗಿಯೊಬ್ಬರ ವಿವರ ಟೈಪ್ ಮಾಡುತ್ತಿದ್ದಾರೆ. ಅವರ ಬೆನ್ನ ಹಿಂದೆ ಲ್ಯಾಪ್‌ಟಾಪ್ ಹಿಡಿದು ನಿಂತ ಮಹಾದೇವಿ, ಆಮ್ಲಜನಕದ ಒತ್ತಡ ಕುಸಿದಿದೆ ಎಂಬ ಪರೀಕ್ಷೆಯ ಸಂದೇಶ ಕಳಿಸುತ್ತಾರೆ. ಕೌಂಟರಿನ ಪರದೆಯ ಮೇಲೆ ಥಟ್ಟನೆ ಎಚ್ಚರಿಕೆಯ ಕೆಂಪು ಕಿಟಕಿ ತೆರೆದುಕೊಳ್ಳುತ್ತದೆ. ಮಹಾದೇವಿ ಅದನ್ನು ನೋಡುತ್ತಿಲ್ಲ. ದೇವಕ್ಕನ ಬೆರಳುಗಳನ್ನು ನೋಡುತ್ತಿದ್ದಾರೆ.

"ನಿಲ್ಲಸಬ್ಯಾಡ್ರಿ ಅಕ್ಕಾ, ಟೈಪ್ ಮಾಡ್ಕೋತ ಹೋಗ್ರಿ. ಎಂಟರ್ ಒತ್ರಿ. ಇನ್ನೊಮ್ಮೆ ಒತ್ರಿ."

"ಒತ್ತೀನವ್ವಾ. ಅದು ಹೋಗವಲ್ದು ನೋಡು," ಎನ್ನುತ್ತಾರೆ ದೇವಕ್ಕ.

ಅಕ್ಷರಗಳೆಲ್ಲ ರೋಗಿಯ ಕಡತದಲ್ಲೇ ಮೂಡುತ್ತಿವೆ. ಮೌಸ್ ಹಿಡಿದು 'ನೋಡಿದೆ' ಎಂಬ ಗುಂಡಿ ಒತ್ತಿದಾಗಲೇ ಕೆಂಪು ಕಿಟಕಿ ಮುಚ್ಚುತ್ತದೆ. ಆದರೂ ಮಹಾದೇವಿಗೆ ಸಮಾಧಾನವಿಲ್ಲ. "ಇನ್ನೊಂದ್ ಸಲ ಅಕ್ಕಾ."

ಮಹಾದೇವಿ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಪುಟ್ಟ ಕಂಪನಿಯೊಂದರಲ್ಲಿ ಪ್ರೋಗ್ರಾಮರ್. ಆಸ್ಪತ್ರೆಗಳ ತಂತ್ರಾಂಶದಲ್ಲಿ ಯಾವ ಕಿಟಕಿ ಎಲ್ಲಿ ತೆರೆಯಬೇಕು, ಯಾವುದರ ಮೇಲೆ ನಿಲ್ಲಬೇಕು, ಒತ್ತಿದ ಕೀಲಿ ಯಾವುದಕ್ಕೆ ಸಲ್ಲಬೇಕು ಎಂದು ನಿರ್ಧರಿಸುವ ಕೆಲಸ ಅವರದು. ಇದಕ್ಕೆ ಬೇಕಾದ ಸಿದ್ಧ ಆಜ್ಞೆಗಳು 'ಲೈಬ್ರರಿ' ಎಂಬ ಕೋಡ್ ಸಂಗ್ರಹದಲ್ಲಿ ಸಿಗುತ್ತವೆ; ಅವನ್ನು ಸರಿಯಾಗಿ ಜೋಡಿಸುವುದರಲ್ಲೇ ದಿನ ಕಳೆಯುತ್ತದೆ. ಮುನಿಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಓದಿ, ಹಗಲು ಡೇಟಾ ಎಂಟ್ರಿ ಮಾಡುತ್ತ ಸಂಜೆ ಕಾಲೇಜು ಮುಗಿಸಿದವರು. ತಾಯಿ ಲಕ್ಷ್ಮವ್ವ ಯಾದಗಿರಿ ಕಡೆಯಿಂದ ಬಂದು ಮುಂಬಯಿಯ ಕಟ್ಟಡಗಳಿಗೆ ಇಟ್ಟಿಗೆ ಹೊತ್ತಾಕೆ.

"ಕಿಡಕಿ ಕೆಲಸ ಅಂದ್ರ, 'ಕಟಗೀದೋ, ಅಲ್ಯುಮಿನಿಯಂದೋ?' ಅಂತ ಕೇಳಿದ್ಳು ನಮ್ಮವ್ವ. ಬಿಲ್ಡಿಂಗ್ ಕೆಲಸದಾಗ ಇದ್ದಾಕಿ, ಮತ್ತೇನ್ ಕೇಳ್ತಾಳ?" ಪರೀಕ್ಷೆ ಮುಗಿಸಿ ಕೌಂಟರಿನ ಬಳಿ ಕೂತ ಮಹಾದೇವಿ ನಗುತ್ತಲೇ ಫೋನಿನಲ್ಲಿ ಹೊತ್ತು ನೋಡಿ ಎದ್ದು ನಿಲ್ಲುತ್ತಾರೆ, ಮತ್ತೆ ಕೂರುತ್ತಾರೆ. ದೇವಕ್ಕ ತರಿಸಿದ ಚಹಾ ಕೆನೆಗಟ್ಟಿದೆ.

ಕಳೆದ ಮಳೆಗಾಲದಲ್ಲಿ ಇದೇ ವಾರ್ಡಿನಲ್ಲಿ ಆಮ್ಲಜನಕದ ಒತ್ತಡ ನಿಜವಾಗಿಯೂ ಕುಸಿದಿತ್ತು. ಎಚ್ಚರಿಕೆಯ ಕಿಟಕಿ ತೆರೆದಿತ್ತು. ಕೌಂಟರಿನಿಂದಲೇ ಅದನ್ನು ಮುಚ್ಚಿದ್ದಾಗಿ ಕಂಪ್ಯೂಟರಿನಲ್ಲಿ ದಾಖಲಾಗಿಯೂ ಇತ್ತು. ಅಲ್ಲಿ ಕುಳಿತಿದ್ದವರು ದೇವಕ್ಕ. ಏನೂ ಕಾಣಲಿಲ್ಲ ಎಂದರೆ ಯಾರೂ ನಂಬಲಿಲ್ಲ. ಏದುಸಿರು ಬಿಡುತ್ತಿದ್ದ ರೋಗಿಯ ಬಳಿಗೆ ಓಡಿ, ಸಿಲಿಂಡರ್ ಜೋಡಿಸಿ ಜೀವ ಉಳಿಸಿದವರೂ ಅವರೇ. ಆದರೂ ನಿರ್ಲಕ್ಷ್ಯದ ಆರೋಪ ಹೊರಿಸಿ ಆಸ್ಪತ್ರೆ ಅವರನ್ನು ಮನೆಗೆ ಕಳಿಸಿತು.

ಆ ಕಿಟಕಿಯನ್ನು ರೂಪಿಸಿದ್ದ ಮಹಾದೇವಿ ಸುದ್ದಿ ಕೇಳಿ ತಡೆಯಲಾರದೆ ದೇವಕ್ಕನ ಚಾಳಿನ ಮನೆಗೇ ಹೋದರು. ಲ್ಯಾಪ್‌ಟಾಪ್ ಮುಂದಿಟ್ಟು, ಕೌಂಟರಿನಲ್ಲಿ ಮಾಡುವಂತೆಯೇ ಟೈಪ್ ಮಾಡಲು ಹೇಳಿ, ನಡುವೆ ಎಚ್ಚರಿಕೆ ಕಳಿಸಿದರು.

"ಅಕ್ಕನ ಕಣ್ಣು ಕಾಗದದ ಮ್ಯಾಲೆ. ಕಿಡಕಿ ಬಂದಿದ್ದೇ ಕೀಬೋರ್ಡ್ ತಾನ ಕಸಗೊಂತು. ರೋಗಿ ಹೆಸರಿಗಂತ ಒತ್ತಿದ ಎಂಟರ್ ಅದಕ್ಕ ಬಡೀತು, ಮುಚ್ಚಿ ಹೋತು. ಅಕ್ಕ ತಲಿ ಎತ್ತೂದ್ರಾಗ ಏನೂ ಇಲ್ಲ!"

ಕಂಪನಿಯ ಮಾಲೀಕ ತಿರುಮಲೇಶ ಮೈಸೂರಿನವರು. ತಂತ್ರಾಂಶವನ್ನು ಸರಿಪಡಿಸಲು ತಕ್ಷಣ ಒಪ್ಪಿದರು, ತಪ್ಪನ್ನು ಆಸ್ಪತ್ರೆಯ ಮುಂದೆ ಹೇಳಿಕೊಳ್ಳಲು ಒಪ್ಪಲಿಲ್ಲ. "ಸದ್ಯಕ್ಕೆ ಸುಮ್ನಿರಮ್ಮ. ತಪ್ಪು ನಮ್ದು ಅಂದ್ರೆ ನಾಳೆ ಯಾರು ನಮ್ಮನ್ನ ಒಳಗೆ ಬಿಟ್ಕೋತಾರೆ?"

"ಖರೇ ಸರ್. ಆದ್ರ ಆಕಿ ಮನ್ಯಾಗ ಕುಂತಾಳಲ್ರಿ?"

ಮರುದಿನ ಮಹಾದೇವಿ ಒಬ್ಬರೇ ಆಸ್ಪತ್ರೆಯ ಮುಖ್ಯಸ್ಥರ ಕೋಣೆಗೆ ಹೋಗಿ, ಅವರ ಕೈಯಿಂದಲೇ ಟೈಪ್ ಮಾಡಿಸಿ ತೋರಿಸಿದರು. ಕಿಟಕಿ ಅವರ ಕಣ್ಣೆದುರೂ ಮಿಂಚಿ ಮಾಯವಾಯಿತು. ದೇವಕ್ಕ ಕೆಲಸಕ್ಕೆ ಮರಳಿದರು. ಆಸ್ಪತ್ರೆಯ ಇನ್ನೊಂದು ಶಾಖೆಯ ಗುತ್ತಿಗೆ ಮಾತ್ರ ಕಂಪನಿಯ ಕೈತಪ್ಪಿತು. ತಿರುಮಲೇಶರ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಆದರೆ ಅವರು ಮಹಾದೇವಿಯನ್ನು ಬಿಟ್ಟುಕೊಟ್ಟೂ ಇಲ್ಲ.

ಈಗ ಇಲ್ಲಿ ಎಚ್ಚರಿಕೆ ಎಲ್ಲದರ ಮೇಲೆ ನಿಲ್ಲುತ್ತದೆ, ಕೀಬೋರ್ಡ್ ಮುಟ್ಟುವುದಿಲ್ಲ. ಆದರೆ ಹಳೆಯ ತಂತ್ರಾಂಶ ಇನ್ನೂ ಹಲವು ಆಸ್ಪತ್ರೆಗಳಲ್ಲಿ ಓಡುತ್ತಿದೆ. ಆ ಕಂಪ್ಯೂಟರುಗಳಿಗೆ ಇಂಟರ್ನೆಟ್ ಇಲ್ಲ. ಖುದ್ದಾಗಿ ಹೋಗಿಯೇ ಬದಲಿಸಬೇಕು. ಹಾಗಾಗಿ ಆಫೀಸಿಗೆ ಮೊದಲು ದಿನಕ್ಕೊಂದು ಆಸ್ಪತ್ರೆ. "ಮಲ್ಕೊಂಡ್ರೂ ಅದ ತಲ್ಯಾಗ. ಈಗ ಎಲ್ಲಿ, ಯಾರು ಎಂಟರ್ ಒತ್ತಾಕತ್ಯಾರೋ ಅಂತ."

ನಾಷ್ಟಾ ಮಾಡಿ ಹೋಗು ಎಂದು ದೇವಕ್ಕ ಕೂಗುತ್ತಿದ್ದರೂ ಮಹಾದೇವಿ ಮೆಟ್ಟಿಲಿಳಿದಾಗಿದೆ. ಇವತ್ತು ಪವಾಯಿಯ ಒಂದು ನರ್ಸಿಂಗ್ ಹೋಮ್ ಬಾಕಿ ಇದೆ. ಸ್ಟೇಷನ್ನಿನ ಗದ್ದಲದಲ್ಲಿ, ಇಷ್ಟು ಓಡಾಟ ಯಾತಕ್ಕೆ ಎಂದು ಕೇಳಿದರೆ, ಬರುತ್ತಿರುವ ಲೋಕಲ್ ರೈಲಿನತ್ತ ಕಣ್ಣಿಟ್ಟೇ ಉತ್ತರಿಸುತ್ತಾರೆ:

"ನನ್ನ ಹೆಸರು ಯಾರಿಗೂ ಗೊತ್ತಾಗೂದು ಬ್ಯಾಡ್ರಿ. ತನ್ನ ಪಾಡಿಗೆ ತಾನು ಕೆಲಸ ಮಾಡೂ ಹೆಣ್ಮಗಳು ನನ್ನ ಕಿಡಕಿ ದೆಸಿಂದ ಇನ್ನೊಮ್ಮೆ ಬೈಸ್ಕೋಬಾರ್ದು. ಅಷ್ಟ."