ನೀರು ಕುಡಿದ ಏಣಿ

ಹುಬ್ಬಳ್ಳಿಯಿಂದ ಬೆಳಗಿನ ಆರೂವರೆಯ ಬಸ್ಸಿಗೆ ಹೊರಟಾಗ ನನ್ನ ಚೀಲದಲ್ಲಿ ಮೂರು ಕಾಗದಗಳಿದ್ದವು. ಮೂರರಲ್ಲೂ ಒಂದೇ ಒಕ್ಕಣೆ: 'ನಿಮ್ಮ ಫೈಬರ್ ಏಣಿಯನ್ನು ಎರಡು ವರ್ಷದಿಂದ ಬಳಸುತ್ತಿದ್ದೇವೆ. ಯಾವ ದೂರೂ ಇಲ್ಲ.' ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಮೂವರು ಗಿರಾಕಿಗಳಿಂದ ಸಹಿ ಹಾಕಿಸಿಕೊಂಡು ಬರುವಂತೆ ಕಂಪನಿ ನನ್ನನ್ನು ಕಳಿಸಿತ್ತು. ತೊಂಬತ್ತೆರಡರ ಮಾರ್ಚ್ ತಿಂಗಳು. ಒಂಬತ್ತು ಗಂಟೆಗೇ ಬಸ್ಸಿನ ಕಿಟಕಿಯ ಸರಳು ಮುಟ್ಟಲಾಗದಷ್ಟು ಕಾದಿತ್ತು.

ಗಾಜಿನ ಎಳೆಗಳನ್ನು ರಾಳದಲ್ಲಿ ಅದ್ದಿ, ಅಚ್ಚಿನಲ್ಲಿ ಗಟ್ಟಿ ಮಾಡಿದ ಏಣಿ ಅದು. ಹಗುರ, ವಿದ್ಯುತ್ ಹರಿಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. 'ಮಳೆಗೆ ನೆನೆಯದು, ಬಿಸಿಲಿಗೆ ಬಾಡದು' ಎಂದು ಅದರ ಜಾಹೀರಾತಿನ ಹಾಳೆಯಲ್ಲಿ ಬರೆದವನು ನಾನೇ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಈ ಫೈಬರಿನ ತುಂಡುಗಳನ್ನು ಪ್ರಯೋಗಾಲಯದಲ್ಲಿ ಬಿಸಿನೀರಿನಲ್ಲಿ ವಾರಗಟ್ಟಲೆ ಇಟ್ಟು ಬಗ್ಗಿಸಿ ನೋಡಿದ್ದೆ. ನೀರು ಗಾಜಿಗೂ ರಾಳಕ್ಕೂ ನಡುವಿನ ಅಂಟನ್ನು ನಿಧಾನವಾಗಿ ಬಿಡಿಸುತ್ತದೆ. ಬಿಸಿ ಹೆಚ್ಚಿದ್ದಷ್ಟೂ ಬೇಗ. ಇದು ಗೊತ್ತಿದ್ದೇ ಆ ಸಾಲು ಬರೆದಿದ್ದೆ.

ಹಾವೇರಿಯ ಗಿರಾಕಿಯದು ಬಟ್ಟೆ ಅಂಗಡಿ. ಏಣಿ ಒಳಗೇ ಇತ್ತು, ಹೊಸದರಂತೆ ಹಳದಿಯಾಗಿ ಹೊಳೆಯುತ್ತಿತ್ತು. "ಮನಿ ಅಳಿಯನಂಗ ಇಟ್ಟೇವ್ರಿ ಅದನ್ನ. ಬಿಸಲಾಗ ಒಂದ ದಿನ ದುಡಿಸಿಲ್ಲ," ಎಂದು ಅಂಗಡಿಯವರು ನಕ್ಕು ಸಹಿ ಹಾಕಿದರು. ನಾನೂ ನಕ್ಕೆ. ಗಿರ್ಮಿಟ್ ತಿಂದು, ಚಹಾ ಕುಡಿದು, ಮಧ್ಯಾಹ್ನದ ಬಸ್ಸಿಗೆ ರಾಣೆಬೆನ್ನೂರಿಗೆ ಹೋದೆ.

ಅಲ್ಲಿಯದು ಹೆದ್ದಾರಿಯ ಬದಿಯ ಹತ್ತಿ ಮಿಲ್ಲು. ಏಣಿಯನ್ನು ಹೊರಗೆ, ಪಡುವಣ ಗೋಡೆಗೆ ತೂಗುಹಾಕಿದ್ದರು. ಬೆರಳಿನಿಂದ ಉಜ್ಜಿದರೆ ಬಿಳಿ ಪುಡಿ ಬಂತು. ಮೇಸ್ತ್ರಿ ಬಸವಂತಪ್ಪ, "ಹಳದಿ ಏಣಿ ಕೊಟ್ಟಿದ್ರಿ ಸಾಹೇಬ್ರ, ಈಗ ಮಜ್ಜಿಗಿ ಬಣ್ಣ ಆಗೈತಿ ನೋಡ್ರಿ," ಎಂದ.

"ಬಣ್ಣ ಅಷ್ಟ ಹೋಗೇತ್ರಿ. ಏಣಿ ಚಲೋ ಐತಿ," ಎಂದೆ. ಅವನು ಒಳಗೆ ಹೋಗಿ ಮಾಲೀಕರ ಸಹಿ ತಂದುಕೊಟ್ಟ.

ಮರುದಿನ ಶನಿವಾರ. ಬ್ಯಾಡಗಿಯ ಬಸ್ಸು ಕದರಮಂಡಲಗಿಯಲ್ಲಿ ಹನುಮಪ್ಪನ ಭಕ್ತರಿಂದ ತುಂಬಿಹೋಯಿತು. ಪಕ್ಕದಲ್ಲಿ ಒತ್ತಿ ಕುಳಿತ ಮುದುಕಿ ಕೇಳದೆಯೇ ನನ್ನ ಕೈಗೆ ಪ್ರಸಾದದ ಕೊಬ್ಬರಿ ಹಾಕಿದಳು. ಬ್ಯಾಡಗಿ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಬಂತು. ಬಸ್ಸಿನ ತುಂಬ ಸೀನು.

ಮೆಣಸಿನಕಾಯಿ ಗೋದಾಮಿನ ಅಂಗಳದಲ್ಲಿ ಹೆಂಗಸರು ಕುಳಿತು ಕಾಯಿ ಆರಿಸುತ್ತಿದ್ದರು. ಒಣಗಿದ ಕಾಯಿಯನ್ನು ಹಾಗೇ ತುಳಿದು ಚೀಲಕ್ಕೆ ತುಂಬಿದರೆ ಪುಡಿಯಾಗುತ್ತದೆಂದು ಮೊದಲು ನೀರು ಚಿಮುಕಿಸುತ್ತಾರೆ. ನಮ್ಮ ಏಣಿ ನಿಂತಿದ್ದುದು ಹಾಗೆ ನೀರು ಚಿಮುಕಿಸುವ ಕಲ್ಲುಕಟ್ಟೆಯ ಮೇಲೆಯೇ. ಬೆಳಿಗ್ಗೆ ನೀರು, ಮಧ್ಯಾಹ್ನ ಕಾದ ತಗಡಿನ ಝಳ, ಮತ್ತೆ ನೀರು. ಎರಡು ವರ್ಷ.

ಅದರ ಮೇಲೆ ಕೈಯಿಟ್ಟು ಹಿಂತೆಗೆದುಕೊಂಡೆ. ಸಣ್ಣ ಸೂಜಿಗಳು ಚುಚ್ಚಿದ್ದವು. ರಾಳ ಸವೆದು ಗಾಜಿನ ಎಳೆಗಳು ಕತ್ತಾಳಿ ನಾರಿನಂತೆ ಎದ್ದಿದ್ದವು.

"ಇದನ್ನ ಹಿಡದ್ರ ಕೈ ಉರಿಯೂದಿಲ್ಲೇನ್ರಿ?" ಎಂದು ಕೇಳಿದೆ.

ಹೆಂಗಸರೆಲ್ಲ ಒಟ್ಟಿಗೆ ನಕ್ಕರು. "ಬ್ಯಾಡಗ್ಯಾಗ ಬಂದು ಕೈ ಉರೀತಾವೇನು ಅಂತ ಕೇಳ್ತಾನಲ್ಲವ್ವಾ!" ಎಂದಳು ಅವರಲ್ಲೊಬ್ಬಳಾದ ಗಿರಿಜವ್ವ. "ಯಪ್ಪಾ, ಇಲ್ಲಿ ಕೂಸಿನ್ನ ಎತ್ಕೊಳ್ಳೂ ಮುಂದ ಸೈತ ಕೈಗೆ ಎಣ್ಣಿ ಹಚ್ಚಿ ತೊಳಕೋತೇವಿ."

ಆಕೆಯ ಗಂಡ ಫಕ್ಕೀರಪ್ಪ ಅಲ್ಲಿಯ ಹಮಾಲರ ಹಿರಿಯ. ಐವತ್ತರ ಆಸುಪಾಸು. "ಏಣಿ ಹತ್ತಿದ ದಿನ ಸ್ವಲ್ಪ ಜಾಸ್ತಿನ ಉರೀತಾವ್ರಿ," ಎಂದ. "ಕಾಯಿ ಧೂಳ ಕುಂತಿರತೈತಲ್ಲ."

ಬೇರೆ ಊರಾಗಿದ್ದರೆ ಆ ಏಣಿಯನ್ನು ಎಂದೋ ಮೂಲೆಗೆ ಎಸೆಯುತ್ತಿದ್ದರು. ಇಲ್ಲಿ ಎಲ್ಲರ ಕೈಯೂ ಮೊದಲೇ ಉರಿಯುತ್ತಿತ್ತು. ಏಣಿಯ ಉರಿ ಬೇರೆಯೆಂದು ಯಾರಿಗೂ ತಿಳಿಯಲಿಲ್ಲ. ತಿಳಿದವನು ನಾನೊಬ್ಬನೇ.

ಅಷ್ಟರಲ್ಲಿ ಖರೀದಿದಾರರೊಬ್ಬರು ಬಂದರು. ಮೇಲಿನ ಸಾಲಿನ ಚೀಲವೊಂದನ್ನು ಇಳಿಸಿ ತೋರಿಸುವಂತೆ ಗೋದಾಮಿನ ಗುಮಾಸ್ತರು ಕೂಗಿದರು. ಫಕ್ಕೀರಪ್ಪ ಏಣಿಯನ್ನು ಚೀಲಗಳ ಒಟ್ಟಿಲಿಗೆ ಆನಿಸಿದ. ಸಹಿಗೆಂದು ನಾನು ಕೊಟ್ಟ ಕಾಗದ ಗುಮಾಸ್ತರ ತೊಡೆಯ ಮೇಲಿತ್ತು, ಪೆನ್ನಿನ ಟೋಪಿ ತೆಗೆದಾಗಿತ್ತು. 'ಹತ್ತಬೇಡ' ಎನ್ನಲು ಒಂದು ಉಸಿರು ಸಾಕಿತ್ತು. ಸಹಿ ಆಗಲಿ, ಅವನು ಇಳಿದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಈ ಮಾತನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ಅದಕ್ಕಿಂತ ಒಳ್ಳೆಯ ಕಾರಣ ಸಿಗುವುದಿಲ್ಲ.

"ನಾ ಹಿಡೀತೇನಿ," ಎಂದು ಏಣಿಯ ಬುಡ ಹಿಡಿದೆ.

"ಓದಿದವ್ರು ಹಿಡದಾರಂದ್ರ ಮುಗೀತು ಬಿಡ್ರಿ. ಮ್ಯಾಲ ಕುಂತು ಚಾ ಕುಡದ ಇಳೀತೇನಿ," ಎಂದ ಫಕ್ಕೀರಪ್ಪ.

ಹತ್ತುವಾಗ ಏನೂ ಆಗಲಿಲ್ಲ. ಚೀಲ ಹೆಗಲಿಗೇರಿಸಿ ಎರಡು ಮೆಟ್ಟಿಲು ಇಳಿದ. ಮೂರನೆಯದಕ್ಕೆ ಕಾಲಿಟ್ಟಾಗ ಕೇಳಿದ್ದು ಮುರಿಯುವ ಸದ್ದಲ್ಲ, ಹಸಿ ಬಿದಿರು ಸೀಳುವ ಸದ್ದು. ಮೆಟ್ಟಿಲು ಕೂಡಿಸಿದ ತೂತಿನ ಹತ್ತಿರ ಏಣಿಯ ಎಡಬದಿಯ ಕಂಬ ಉದ್ದಕ್ಕೆ ಸೀಳಿತು. ಪ್ರಯೋಗಾಲಯದಲ್ಲಿ ನೀರು ಕುಡಿದ ತುಂಡುಗಳು ಹೀಗೇ ಸೀಳುತ್ತಿದ್ದವು. ಫಕ್ಕೀರಪ್ಪ ಬೆನ್ನಡಿಯಾಗಿ ಕಟ್ಟೆಯ ಕಲ್ಲಂಚಿನ ಮೇಲೆ ಬಿದ್ದ, ಅವನ ಮೇಲೆ ಚೀಲ. ಕೆಂಪು ಕಾಯಿ ಅಂಗಳದ ತುಂಬ ಚೆಲ್ಲಿತು. ಏಣಿಯ ಬುಡ ಮಾತ್ರ ನನ್ನ ಕೈಯಲ್ಲಿ ಅಲುಗದೆ ನಿಂತಿತ್ತು.

ಟೆಂಪೋದಲ್ಲಿ ಖಾಲಿ ಚೀಲ ಹಾಸಿ, ಮಲಗಿಸಿ, ಹಾವೇರಿಗೆ ಹೊರಟೆವು. ಮೋಟೆಬೆನ್ನೂರು ದಾಟುವಾಗ ಅವನು ಕಣ್ಣು ಬಿಟ್ಟು, "ಸರ, ನನ್ನ ಕಾಲು ಎಲ್ಲಿ ಅದಾವ ನೋಡ್ರಿ," ಎಂದ. ಎರಡೂ ಕಾಲು ನನ್ನ ಮೊಣಕಾಲಿಗೆ ತಾಗಿಯೇ ಇದ್ದವು.

ಗಿರಿಜವ್ವ ದಾರಿಯುದ್ದಕ್ಕೂ ಅಳಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಹತ್ತಿರ ನನ್ನ ಮುಖ ನೋಡಿ ಕೇಳಿದಳು: "ಕೈ ಉರಿಯೂದಿಲ್ಲೇನು ಅಂತ ಕೇಳಿದಿ. ಯಾಕ ಕೇಳಿದಿ?"

ನಾನು ಸ್ಟ್ರೆಚರಿನ ಒಂದು ತುದಿ ಹಿಡಿದು ಒಳಗೆ ನಡೆದೆ.

ಬೆನ್ನುಮೂಳೆ ಮುರಿದಿದೆ, ಇನ್ನು ನಡೆಯುವುದು ಕಷ್ಟ ಎಂದರು ಡಾಕ್ಟರು. ಗಡಿಬಿಡಿಯಲ್ಲಿ ಯಾರೋ ನನ್ನ ಚೀಲವನ್ನೂ ಟೆಂಪೋದೊಳಗೆ ಎಸೆದಿದ್ದರು. ತೆರೆದು ನೋಡಿದೆ: ಬ್ಯಾಡಗಿಯ ಕಾಗದವನ್ನೂ ಅದರಲ್ಲೇ ತುರುಕಿದ್ದರು. ಸಹಿ ಆಗಿತ್ತು. ಯಾವ ದೂರೂ ಇಲ್ಲ.

ಭಾನುವಾರ ಬೆಳಿಗ್ಗೆ ಹುಬ್ಬಳ್ಳಿಯ ಬಸ್ಸು ಹತ್ತದೆ ಮತ್ತೆ ರಾಣೆಬೆನ್ನೂರಿಗೆ ಹೋದೆ. ಹತ್ತಿಯ ಹಂಗಾಮಾದ್ದರಿಂದ ರಜೆಯಿಲ್ಲದೆ ಮಿಲ್ಲು ನಡೆದಿತ್ತು. ನಡೆದದ್ದನ್ನೆಲ್ಲ ಬಸವಂತಪ್ಪನಿಗೆ ಹೇಳಿ, ಅವರ ಕಾಗದವನ್ನು ಅವನ ಎದುರೇ ಹರಿದೆ. "ಆ ಏಣಿ ಕಡದು ಒಗೀರಿ," ಎಂದೆ.

"ಮೊನ್ನೆ ಚಲೋ ಐತಿ ಅಂದವ್ರೂ ನೀವ, ಇವತ್ತು ಒಗೀರಿ ಅನ್ನವ್ರೂ ನೀವ. ಮಾಲೀಕರಿಗೆ ನಾ ಯಾವದು ಹೇಳ್ಲಿ?" ಎಂದ.

ಏಣಿಯನ್ನು ಇಳಿಸಿ, ನೆಲಕ್ಕೆ ಹಾಕಿ, ನಡುವೆ ಕಾಲಿಟ್ಟು ಎರಡೂ ಕೈಯಿಂದ ಜಗ್ಗಿದೆ. ಅದು ಬಗ್ಗಿತು, ಮತ್ತೆ ನೆಟ್ಟಗಾಯಿತು. ಮತ್ತೆ ಜಗ್ಗಿದೆ. ಸುತ್ತ ನಿಂತ ಕೆಲಸಗಾರರು ನಗತೊಡಗಿದರು. "ನೋಡ್ರಿ ಸಾಹೇಬ್ರ," ಎಂದ ಬಸವಂತಪ್ಪ, ಸಮಾಧಾನ ಮಾಡುವವನ ದನಿಯಲ್ಲಿ, "ಮಾಡಿದವ್ರ ಜಗ್ಗಿದ್ರೂ ಮುರೀವಲ್ದು. ಅಂಜಬ್ಯಾಡ್ರಿ. ಬರ್ರಿ, ಚಾ ಕುಡೀರಿ."

ನಾನು ಚಹಾ ಕುಡಿಯಲಿಲ್ಲ. ಸಂಜೆ ನಾನು ಹತ್ತಿದ ಹುಬ್ಬಳ್ಳಿಯ ಬಸ್ಸು ಮಿಲ್ಲಿನ ಮುಂದೆಯೇ ಹಾಯ್ದುಹೋಯಿತು. ಅಂಗೈಯಲ್ಲಿ ಬ್ಯಾಡಗಿಯ ಗಾಜಿನ ಸೂಜಿಗಳು ಇನ್ನೂ ಉರಿಯುತ್ತಿದ್ದವು. ಕಿಟಕಿಯ ಸರಳು ಹಿಡಿದು ಹಿಂದೆ ನೋಡಿದೆ. ಏಣಿ ಪಡುವಣ ಗೋಡೆಗೆ ಆನಿಸಿ ನಿಂತಿತ್ತು. ಅದರ ನಾಲ್ಕನೇ ಮೆಟ್ಟಿಲ ಮೇಲೆ ಒಬ್ಬನಿದ್ದ, ಇನ್ನೂ ಹತ್ತುತ್ತಿದ್ದ.