ಪೆಟ್ಟು ಬಡಿಸಿದವನು

ಕಾಕಾ ಅವರ ಬಲಗೈಯ ನಡುಬೆರಳು ಮಡಚುತ್ತಿರಲಿಲ್ಲ. ಗೂಟದ ಹಾಗೆ ನೆಟ್ಟಗೆ ನಿಂತಿರುತ್ತಿತ್ತು. ಪೆನ್ನನ್ನು ತೋರುಬೆರಳಿಗೂ ಉಂಗುರಬೆರಳಿಗೂ ನಡುವೆ ಸಿಕ್ಕಿಸಿಕೊಂಡು ಬರೆಯುತ್ತಿದ್ದರು. ಗುಜರಾತಿ, ಕನ್ನಡ, ಮಲಯಾಳ, ಮೂರು ಲಿಪಿಯೂ ಎಡಕ್ಕೆ ವಾಲುತ್ತಿತ್ತು. ಆ ಬೆರಳನ್ನು ಮುರಿದವನು ನನ್ನ ಗಂಡ. ಹೀಗೆ ನೇರವಾಗಿ ಹೇಳುವುದನ್ನು ಕಲಿಸಿದವರೂ ಕಾಕಾ ಅವರೇ.

ಅವರ ಭಾಷೆಯಲ್ಲಿ ಚಿಕ್ಕಪ್ಪನಿಗೆ ಕಾಕಾ ಎನ್ನುತ್ತಾರೆ. ಅವರದು ಕರಿಮೆಣಸಿನ ವ್ಯಾಪಾರಕ್ಕಾಗಿ ಕೊಚ್ಚಿಯಲ್ಲಿ ನೆಲೆ ನಿಂತ ಗುಜರಾತಿ ಮನೆತನ. ಮೆಣಸು ಕೊಳ್ಳಲು ಅಪ್ಪನ ಜೊತೆ ಕೊಡಗಿನ ಹುದಿಕೇರಿಗೆ ಬರುತ್ತಿದ್ದವರು, ವಯಸ್ಸಾದ ಮೇಲೆ ವ್ಯಾಪಾರವನ್ನು ತಮ್ಮಂದಿರಿಗೆ ಬಿಟ್ಟು, ಇಲ್ಲಿಯ ಕಥೆಗಳನ್ನು ಗುಜರಾತಿಗೆ ತರುತ್ತೇನೆಂದು ಬಾಡಿಗೆ ಮನೆ ಹಿಡಿದರು. ಬಂದ ಹೊಸತರಲ್ಲಿ ಅಂಗಡಿಯಲ್ಲಿ "ನಾನು ರೈಟರ್" ಎಂದರಂತೆ. "ಯಾವ ಎಸ್ಟೇಟ್‌ದು?" ಎಂದು ಕೇಳಿದರಂತೆ ಅಂಗಡಿಯವರು. ನಮ್ಮಲ್ಲಿ ರೈಟರ್ ಎಂದರೆ ತೋಟದಲ್ಲಿ ಆಳುಗಳ ಹಾಜರಿ ಬರೆಯುವವನು. ನನ್ನ ಗಂಡ ಅಂಥ ರೈಟರ್. ಕಥೆ ಬರೆಯುವ ಮುದುಕನನ್ನೂ ಜನ ರೈಟರ್ ಎಂದು ಕರೆದರೆ ಅವನಿಗೆ ಮೈಯೆಲ್ಲ ಉರಿ.

ನಾನು ಗಾಳಿಬೀಡಿನ ಕಡೆಯವಳು, ಮನೆಮಾತು ಅರೆಭಾಷೆ. ಅಜ್ಜಿಯಿಂದ ಕೇಳಿದ ಕಥೆಗಳನ್ನು ನಾನು ಹೇಳಬೇಕು, ಕಾಕಾ ಗುಜರಾತಿಗೆ ಇಳಿಸಬೇಕು; ಮಧ್ಯಾಹ್ನಗಳು ಹಾಗೆ ಕಳೆಯುತ್ತಿದ್ದವು. ಕಾಕಾ ಸಾಧು ಮನುಷ್ಯ ಅಲ್ಲವೇ ಅಲ್ಲ. ಪ್ರಾರ್ಥನೆ ಗುಜರಾತಿಯಲ್ಲಿ, ಜಗಳ ಕನ್ನಡದಲ್ಲಿ, ಬೈಗುಳ ಮಲಯಾಳದಲ್ಲಿ. ಸರಿಯಾದ ಪದ ಸಿಗದಿದ್ದರೆ ಕಲ್ಲಿನ ಕುಟ್ಟಾಣಿಗೆ ಮೆಣಸು ಹಾಕಿ ಮೇಜು ನಡುಗುವಂತೆ ಕುಟ್ಟುತ್ತಿದ್ದರು. ಪದ ಸಿಕ್ಕಿತೋ, ಆ ಮೆಣಸು ಹಾಕಿದ ಚಹಾ ನನಗೂ ಸಿಗುತ್ತಿತ್ತು.

ಒಂದು ದಿನ ಬಾತ ಕೆನ್ನೆ, ಒಡೆದ ತುಟಿಯಲ್ಲೇ ಹೋದೆ.

"ಏನಾಯ್ತು ಬೇಟಾ?"

"ಪೆಟ್ಟಾತ್ ಕಾಕಾ."

"ತಾನಾಗೇ ಆಯ್ತಾ?"

"ಇಲ್ಲ. ಪೆಟ್ಟು ತಿಂದೆ."

ಅವರು ಪೆನ್ನನ್ನು ಮೇಜಿಗೆ ಕುಕ್ಕಿದರು. "ನಮ್ಮಲ್ಲೂ ಮಾರ್ ಖಾಧೋ ಅಂತಾರೆ, ಏಟು ತಿಂದೆ ಅಂತ. ಎರಡು ಭಾಷೆಯಲ್ಲೂ ತಿಂದವಳು ಕಾಣ್ತಾಳೆ, ಬಡಿಸಿದವನು ಕಾಣಲ್ಲ. ಬಡಿಸಿದ್ದು ಯಾರು? ಕರ್ತೃ ಇಲ್ಲದ ವಾಕ್ಯ ನಾನು ಮುಟ್ಟಲ್ಲ."

ನಾನು ತುಟಿಯನ್ನು ಸೆರಗಿಗೆ ಒರೆಸಿಕೊಂಡು ಅಜ್ಜಿಯ ಕಥೆಯನ್ನೇ ಮುಂದುವರಿಸಿದೆ. ಹೊಡೆದವನ ಹೆಸರು ಏಳು ವರ್ಷ ಹೊರಗಿನವರಿಂದ ಮುಚ್ಚಿಟ್ಟ ಮಾತು. ತವರಿಗೆ ಹೋದಾಗಲೆಲ್ಲ "ಹೊಂದ್ಕೊಂಡು ಹೋಗು" ಎಂದು ವಾಪಸು ಬಸ್ಸು ಹತ್ತಿಸಿದ್ದರು. ಹೆಸರು ಹೇಳಿಬಿಟ್ಟರೆ ಮರುದಿನ ನಾನು ಇರುವುದೆಲ್ಲಿ?

ಆ ವಾರವೇ, ನಾನು ಕಥೆ ಹೇಳುತ್ತಿದ್ದಾಗ, ನನ್ನ ಗಂಡ ಕಾಕಾ ಮನೆಗೆ ನುಗ್ಗಿದ. ಕೈಯಲ್ಲಿ ಕಾಫಿ ಗಿಡದ ಕೋಲು. "ಮನೆ ವಿಷ್ಯ ಎಲ್ಲಾ ಇವ್ನ ಹತ್ರ ಬರೆಸ್ತೀಯಾ?" ಎಂದವನೇ ನನ್ನ ಜಡೆ ಹಿಡಿದು ಹಣೆಯನ್ನು ಬಾಗಿಲಿನ ಚೌಕಟ್ಟಿಗೆ ಜಜ್ಜಿದ. ರಕ್ತ ಕಣ್ಣಿಗಿಳಿಯಿತು. ಅಡ್ಡ ಬಂದ ಕಾಕಾರನ್ನು ಮೇಜಿಗೆ ಒತ್ತಿ ಹಿಡಿದು, ಬರೆಯುವ ಕೈ ಮೇಲೆ ಹೊಡೆದ. ಮೂರು ಸಲ. ಎರಡನೆಯದಕ್ಕೇ ಒಣಕಡ್ಡಿ ಮುರಿದ ಸದ್ದು ಬಂದಿತ್ತು; ಆದರೂ ಮೂರನೆಯದನ್ನು ಹೊಡೆದ. ಇವತ್ತಿಗೂ ನನ್ನ ಹೊಟ್ಟೆ ಉರಿಯುವುದು ಆ ಮೂರನೆಯ ಏಟಿಗೆ. ನಾನು ಕುಟ್ಟಾಣಿ ಎತ್ತಿ ಅವನ ಮಂಡಿಗೆ ಬೀಸಿದೆ. ಚಿಪ್ಪು ಒಡೆಯಿತು; ಅವನು ಬಿದ್ದು ಅರಚಿದ. ಇನ್ನೊಮ್ಮೆ ಎತ್ತಿದ್ದೆ, ತಲೆಗೇ. "ಸಾಕು ಬೇಟಾ" ಎಂದರು ಕಾಕಾ. ಇಳಿಸಿದೆ.

ನಾವು ದೂರು ಕೊಡಲು ಹೋದ ಠಾಣೆಗೆ ಗಂಡನ ಪರವಾಗಿ ತೋಟದ ಮೇಸ್ತ್ರಿ ರಾಜಿ ಮಾಡಿಸಲು ಬಂದ. "ಮೆಟ್ಲಲ್ಲಿ ಜಾರಿ ಬಿದ್ರು ಅಂತ ಬರ್ಕೊಳ್ಳಿ ಸಾರ್. ಗಂಡ ಹೆಂಡ್ತಿ ವಿಷ್ಯ, ನಾಳೆ ಸರಿ ಹೋಗ್ತದೆ." ಪೊಲೀಸಿನವರು "ಕೈಗೆ ಪೆಟ್ಟಾಗಿರುತ್ತದೆ" ಎಂದು ಬರೆದು ಓದಿ ಹೇಳಿದರು.

ಕಾಕಾ ಬ್ಯಾಂಡೇಜಿನ ಕೈ ಎತ್ತಿ ಗುಡುಗಿದರು: "ತಪ್ಪು ಅನುವಾದ! ಹರಿದು ಹಾಕಿ." ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ನೀನು ಹೇಳು. ವಾಕ್ಯ ನಿನ್ನದು" ಎಂದರು.

ನಾನು ಮೇಜಿನ ಹತ್ತಿರ ಹೋದೆ. "ನನ್ನ ಗಂಡ ಹೊಡೆದ. ಏಳು ವರ್ಷದಿಂದ ಹೊಡೀತಾ ಇದ್ದಾನೆ. ಇವರ ಬೆರಳು ಮುರಿದವನೂ ಅವನೇ. ಅವನ ಮಂಡಿ ಒಡೆದವಳು ನಾನು."

"ಕೊನೇದು ಬಿಡೋಣ್ವಾ ಅಮ್ಮಾ? ನಿಮ್ಗೇ ತೊಂದ್ರೆ" ಎಂದರು ಪೊಲೀಸಿನವರು.

"ಅದನ್ನೂ ಬರ್ಕೊಳ್ಳಿ ಸಾರ್."

ಮತ್ತೆ ನಾನು ಗಂಡನ ಮನೆಯ ಹೊಸ್ತಿಲು ತುಳಿಯಲಿಲ್ಲ. ನನ್ನ ಮೇಲೂ ಕೇಸಾಯಿತು, ಕೋರ್ಟಿಗೆ ಅಲೆದೆ. ಹತ್ತಿರದ ಶ್ರೀಮಂಗಲದಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬದುಕಿದೆ. ಬಲಗೈ ಪಳಗುವವರೆಗೆ ಕಾಕಾ ಎಡಗೈಯಲ್ಲಿ ಒಂದನೇ ಕ್ಲಾಸಿನವರಂತೆ ಅಕ್ಷರ ತಿದ್ದಿದರು. ಪಕ್ಕದಲ್ಲಿ ಕೂತು ನಾನೂ ಗುಜರಾತಿ ಅಕ್ಷರ ತಿದ್ದಿದೆ. "ನಿನ್ನ 'ಕ' ನನಗಿಂತ ಚೆಂದ" ಎಂದು ಹೊಟ್ಟೆಕಿಚ್ಚು ಪಡುತ್ತಿದ್ದರು.

ಕಳೆದ ವರ್ಷ ಕಾಫಿ ಪಿಕಿಂಗ್ ಮುಗಿಯುವ ಹೊತ್ತಿಗೆ ಕಾಕಾ ಎದೆನೋವಿನಿಂದ ತೀರಿಕೊಂಡರು. ನಮ್ಮ ಕಥೆಗಳ ಪುಸ್ತಕ ಬಂದದ್ದು ಹದಿನೈದು ದಿನ ತಡವಾಗಿ. ಮೊದಲ ಪುಟದಲ್ಲಿ ಒಂದೇ ಸಾಲು. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ: ಇಂಥವಳು ಹೇಳಿದಳು, ನಾನು ಬರೆದೆ. ಇಂಥವಳು ಎನ್ನುವ ಕಡೆ ನನ್ನ ಹೆಸರಿತ್ತು, ವಾಕ್ಯದ ಮೊಟ್ಟಮೊದಲಿಗೆ. ಜೊತೆಗೆ ಅಪ್ಪನ ಹೆಸರಿಲ್ಲ, ಗಂಡನ ಹೆಸರಿಲ್ಲ.

ಅಳು ಬಂತು ಎಂದು ಬರೆದರೆ ಕಾಕಾ ಹರಿದು ಹಾಕುತ್ತಿದ್ದರು. ನಾನು ಅತ್ತೆ.