ಚುಕ್ಕಿಗೆ ತಾಗದ ಎಳೆ

ನಮ್ಮ ಮೇಡಂ ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಸದಾ ಬೆಳ್ಳಗಿರುತ್ತಿದ್ದವು. ಬೆಳಿಗ್ಗೆ ರಂಗೋಲಿ ಪುಡಿ, ಆಮೇಲೆ ಸೀಮೆಸುಣ್ಣ. ನನ್ನ ಪಿಎಚ್‌ಡಿಯ ಅರ್ಧ ಪಾಠ ಆದದ್ದೇ ಜಯನಗರದ ಅವರ ಮನೆ ಬಾಗಿಲಲ್ಲಿ, ಅವರು ಬಗ್ಗಿ ರಂಗೋಲಿ ಎಳೆಯುತ್ತಿದ್ದಾಗ.

ವಿಶ್ವ ಹಿಗ್ಗುತ್ತಾ ಹಿಗ್ಗುತ್ತಾ ಒಂದು ದಿನ ನಕ್ಷತ್ರ, ಅಣು ಸಮೇತ ಹರಿದುಹೋದೀತೇ? ಹಳೆಯ ಸಮೀಕರಣಗಳಲ್ಲಿ ಅಂಥದ್ದೊಂದು ಬಿಂದು ಬರುತ್ತದೆ. ಅಲ್ಲಿ ಅಳತೆಗಳೆಲ್ಲ ಅನಂತವಾಗಿ ಲೆಕ್ಕವೇ ನಿಂತುಹೋಗುತ್ತದೆ. ಗುರುತ್ವಕ್ಕೆ ಕ್ವಾಂಟಮ್ ನಿಯಮ ಸೇರಿಸಿದರೆ ಅದು ತಪ್ಪುತ್ತದೆಯೇ ಎಂಬುದು ಮೇಡಂ ಜೀವಮಾನವಿಡೀ ಹಿಡಿದು ಕೂತ ಪ್ರಶ್ನೆ.

"ಈ ಎಳೆ ನೋಡು," ಎನ್ನುತ್ತಿದ್ದರು, ಚುಕ್ಕಿಯ ಸುತ್ತ ಗೆರೆ ತಿರುಗಿಸುತ್ತಾ. "ಚುಕ್ಕಿ ಹತ್ರ ಹೋಗುತ್ತೆ, ಮುಟ್ಟಲ್ಲ. ವಿಶ್ವಾನೂ ಹೀಗೇ ತಿರುಗಿಕೊಂಡ್ರೆ ಬಚಾವ್."

ಒಮ್ಮೆ ಬನಶಂಕರಿಯಲ್ಲಿ ಅವರ ಉಪನ್ಯಾಸವಿತ್ತು. ಹಿರಿಯರೊಬ್ಬರು ಎದ್ದು, "ಹಾಗಾದ್ರೆ ಪ್ರಳಯ ಇಲ್ಲ ಅನ್ನಿ ಮೇಡಂ!" ಎಂದರು. ಸಭೆ ಚಪ್ಪಾಳೆಗೆ ಕೈ ಎತ್ತಿತ್ತು.

"ಹಾಗನ್ನೋಕಾಗಲ್ಲ ಸಾರ್. ನಮ್ಮ ಲೆಕ್ಕದಲ್ಲಿ ಒಂದು ಥರದ್ದು ತಪ್ಪುತ್ತೆ. ಲೆಕ್ಕಾನೇ ಸರಿಯಾ? ಗೊತ್ತಿಲ್ಲ."

ಎತ್ತಿದ ಕೈಗಳು ಇಳಿದವು. ಸಂಘಟಕರ ಮುಖ ಹುಳ್ಳಗಾಯಿತು. ಮೇಡಂ ಮಾತ್ರ ಹಾಯಾಗಿ ಕಾಫಿ ಕುಡಿದು, "ಗೊತ್ತಿಲ್ಲ ಅನ್ನೋಕೂ ಧೈರ್ಯ ಬೇಕು ಕಣೇ," ಎಂದರು.

ಕ್ಯಾನ್ಸರ್ ಎರಡನೇ ಸಲ ಬಂದಾಗ ನಾವೆಲ್ಲ ವಾಸಿಯಾಗುತ್ತೆ, ವಾಸಿಯಾಗುತ್ತೆ ಎನ್ನುತ್ತಿದ್ದೆವು. ಅವರ ಯಜಮಾನರಿಗಂತೂ ಅದೇ ಜಪ. "ನಿಮಗೆ ಗೊತ್ತೇನ್ರೀ?" ಎಂದು ಮೇಡಂ ಕೇಳಿದರೆ ಪಾಪ, ಮಾತ್ರೆ ಡಬ್ಬಿ ತರಲು ಎದ್ದುಹೋಗುತ್ತಿದ್ದರು. ಬಗ್ಗಲಾಗದ ದಿನಗಳಲ್ಲೂ ಮೇಡಂ ಪುಟ್ಟ ಮಣೆ ಹಾಕಿಕೊಂಡು ಕೂತು ನಾಲ್ಕು ಎಳೆ ಬಿಡುತ್ತಿದ್ದರು.

ಹೋದ ವರ್ಷ ಅವರು ತೀರಿಕೊಂಡರು. ಸೂತಕದ ಮನೆ, ಬಾಗಿಲ ಮುಂದೆ ರಂಗೋಲಿ ಇರಲಿಲ್ಲ. ಯಜಮಾನರು ನನ್ನ ಕೈ ಹಿಡಿದುಕೊಂಡರು. "ಎಲ್ಲಾದ್ರೂ ಇರ್ತಾಳೆ ಅಲ್ವೇನಮ್ಮಾ? ನೀನು ಅವಳ ಹತ್ರ ಓದಿದವಳು, ಹೇಳು."

ಹೌದು ಎನ್ನಲು ಬಾಯಿ ತೆರೆದೆ. ಎಷ್ಟು ಸುಲಭದ ಮಾತು! ಬಂದದ್ದು ಮಾತ್ರ, "ಗೊತ್ತಿಲ್ಲ ಅಂಕಲ್."

ಅವರು ನನ್ನನ್ನೇ ನೋಡಿದರು. "ಅವಳೇ ಮಾತಾಡಿದ ಹಾಗಾಯ್ತು," ಎಂದವರು, ಮೊದಲ ಸಲ ಜೋರಾಗಿ ಅತ್ತರು. ನಾನೂ ಅತ್ತೆ.

ಹೊರಡುವಾಗ ಬಾಗಿಲ ಮುಂದಿನ ಬರಿ ನೆಲವನ್ನು ತುಳಿಯಲು ಕಾಲು ಬರಲಿಲ್ಲ. ಎಂದಿನಂತೆ ಬದಿಯಿಂದ ಬಳಸಿಕೊಂಡೇ ಗೇಟು ದಾಟಿದೆ.